ಉಂಡದ್ದನ್ನೆಲ್ಲ ಬಡಿಸಬೇಕಿಲ್ಲ

ಮಗೂ,

ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿ ಸೇರಿದ್ದೀಯ ಎಂದು ಕೇಳಿ ಸಂತೋಷವಾಯಿತು. ಇನ್ನು ಹುಡುಗರು ನಿನ್ನ ಮುಂದೆ ಸಾಲಾಗಿ ನಿಲ್ಲುತ್ತಾರೆ. ನೀನು ಓಡು ಎಂದರೆ ಓಡುತ್ತಾರೆ, ಬಿಸಿಲಲ್ಲಿ ನಿಲ್ಲು ಎಂದರೆ ನಿಲ್ಲುತ್ತಾರೆ. ನಿನ್ನ ವಯಸ್ಸಿಗೆ ಇಷ್ಟು ಅಧಿಕಾರ ಬೇರೆ ಕೆಲಸಗಳಲ್ಲಿ ಅಷ್ಟು ಬೇಗ ಕೈಗೆ ಬರುವುದಿಲ್ಲ. ಅದು ತಲೆಗೇರುವ ಮುಂಚೆ ನಿನಗೆ ಒಬ್ಬರ ವಿಷಯ ಹೇಳಬೇಕು. ಅವರ ಹೆಸರು ಜಾನ್ ಗಲಾರ್ಡಿ. 489 ಗೆಲುವು, 138 ಸೋಲು, 11 ಸಮ. ಅಮೆರಿಕದ ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಇಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ. ಆದರೆ ನಾನು ಹೇಳಹೊರಟಿದ್ದು ಅವರು ಗೆದ್ದ ಲೆಕ್ಕವನ್ನಲ್ಲ, ಬಿಟ್ಟ ಲೆಕ್ಕವನ್ನು.

ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡು. ಚೆಂಡು ಹಿಡಿದವನನ್ನು ಎದುರಾಳಿ, ಕಬಡ್ಡಿಯಲ್ಲಿ ರೈಡರನ್ನು ಕೆಡವುವಂತೆ, ಅಪ್ಪಿ ಹಿಡಿದು ನೆಲಕ್ಕೆ ಕೆಡವುತ್ತಾನೆ. ಅದಕ್ಕೆ ಟ್ಯಾಕಲ್ ಎನ್ನುತ್ತಾರೆ. ಮೈಗೆ ಮೈ ಅಪ್ಪಳಿಸುವ ಆಟವಾದ್ದರಿಂದ ಅದನ್ನು ಕಲಿಸುವವರೂ ಗಟ್ಟಿ ಗಂಟಲಿನ, ಗಟ್ಟಿ ಎದೆಯ ಮನುಷ್ಯರೇ ಆಗಿರಬೇಕೆಂಬ ನಂಬಿಕೆ ಅಲ್ಲಿ ಹಿಂದಿನಿಂದ ಇತ್ತು. ನಮ್ಮಲ್ಲಿಯ 'ಛಡಿ ಛಂ ಛಂ, ವಿದ್ಯೆ ಘಂ ಘಂ' ಎಂಬ ಮಾತು ಆ ದೇಶದ ಮೈದಾನಗಳಲ್ಲೂ ಬೇರೆ ವೇಷದಲ್ಲಿ ನಡೆಯುತ್ತಿತ್ತು.

ಗಲಾರ್ಡಿ ಹುಟ್ಟಿದ್ದು 1926ರಲ್ಲಿ, ಕೊಲರಾಡೊ ರಾಜ್ಯದ ಟ್ರಿನಿಡಾಡ್ ಎಂಬ ಊರಿನಲ್ಲಿ, ಇಟಲಿಯಿಂದ ವಲಸೆ ಬಂದವರ ಮನೆಯಲ್ಲಿ. 1943ರಲ್ಲಿ ಯುದ್ಧ ಜೋರಾಗಿತ್ತು. ಅವರ ಹೈಸ್ಕೂಲಿನ ಕೋಚ್ ಸೈನ್ಯಕ್ಕೆ ಹೋದರು. ಬೇರೆ ಕೋಚ್ ಸಿಗಲಿಲ್ಲ, ತಂಡವನ್ನೇ ಕೈಬಿಡುವ ಹಂತ ಬಂತು. ಆಗ ಹದಿನಾರರ ಈ ಹುಡುಗ ಮುಂದೆ ಬಂದು, ನಾನೇ ನೋಡಿಕೊಳ್ಳುತ್ತೇನೆ ಎಂದ. ಆಡುವವನೂ ಅವನೇ, ಆಡಿಸುವವನೂ ಅವನೇ.

ಮೊದಲಿಗೆ ಅವನು ಮಾಡಿದ್ದನ್ನು ಗಮನಿಸು. ಹಳೆಯ ಕೋಚ್ ಹೇಳಿಕೊಟ್ಟಿದ್ದರಲ್ಲಿ ತನಗೂ ಗೆಳೆಯರಿಗೂ ಯಾವುದು ಸುಮ್ಮನೆ ಹಿಂಸೆ ಅನ್ನಿಸಿತ್ತೋ ಅದನ್ನು ಒಂದೊಂದಾಗಿ ಕಿತ್ತುಹಾಕಿದ. ಸುಸ್ತಾಗುವ ತನಕ ಮೈದಾನ ಸುತ್ತುವುದು ಹೋಯಿತು. ಅಭ್ಯಾಸದಲ್ಲಿ ಒಬ್ಬರಿಗೊಬ್ಬರು ಅಪ್ಪಳಿಸಿ ಮೈ ನುಗ್ಗಾಗಿಸಿಕೊಳ್ಳುವುದು ಹೋಯಿತು. ಆಗ ಅಭ್ಯಾಸದ ನಡುವೆ ನೀರು ಕುಡಿಯುವುದು ಹೇಡಿಗಳ ಲಕ್ಷಣ ಎಂದು ನಂಬಿದ್ದರು. ಇವನು, ಬಾಯಾರಿದವರು ಕುಡಿಯಲಿ ಎಂದ. ತಂಡ ಗೆಲ್ಲತೊಡಗಿತು. ಮುಂದೆ ಓದುತ್ತಲೇ ಹೈಸ್ಕೂಲು ತಂಡಗಳನ್ನು ಆಡಿಸಿ, 1949ರಲ್ಲಿ ಕೊಲರಾಡೊ ಕಾಲೇಜಿನಿಂದ ಪದವಿ ಪಡೆದು, ಅದೇ ವರ್ಷ ಮೊಂಟಾನಾದ ಹೆಲೆನಾ ಪಟ್ಟಣದ ಕ್ಯಾರೊಲ್ ಕಾಲೇಜಿಗೆ ಕೋಚ್ ಆದರು. ನಾಲ್ಕು ವರ್ಷದಲ್ಲಿ 24 ಗೆಲುವು, 6 ಸೋಲು.

ಹದಿನಾರರ ಹುಡುಗನಿಗೆ ಅಧಿಕಾರ ಸಿಕ್ಕಾಗ ಏನಾಗುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎನ್ನುತ್ತೇವೆ. ಸೊಸೆಯಾಗಿದ್ದಾಗ ಉಂಡದ್ದನ್ನು ಅತ್ತೆಯಾದ ಮೇಲೆ ಬಡಿಸುವುದು ಲೋಕರೂಢಿ. ಹಾಸ್ಟೆಲಿನಲ್ಲಿ ಸೀನಿಯರ್ ಜೂನಿಯರನ್ನು ಸತಾಯಿಸುವುದಕ್ಕೂ, ಮೈದಾನದಲ್ಲಿ ಮೇಷ್ಟ್ರು ಹುಡುಗರನ್ನು ಬಿಸಿಲಲ್ಲಿ ಬೇಯಿಸುವುದಕ್ಕೂ ಸಮರ್ಥನೆ ಒಂದೇ: 'ನಾವೂ ಹೀಗೇ ಕಲಿತದ್ದು.' ಮಗೂ, ಈ ವಾಕ್ಯ ನಿನ್ನ ಬಾಯಲ್ಲಿ ಬರಕೂಡದು. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ.

1953ರಲ್ಲಿ ಗಲಾರ್ಡಿ ಮಿನೆಸೋಟದ ಕಾಲೇಜ್‌ವಿಲ್‌ಗೆ ಬಂದರು. ಬೆನೆಡಿಕ್ಟೀನ್ ಸನ್ಯಾಸಿಗಳು ನಡೆಸುತ್ತಿದ್ದ ಸೇಂಟ್ ಜಾನ್ಸ್ ಎಂಬ ವಿದ್ಯಾಸಂಸ್ಥೆ. ಸುತ್ತ ಕಾಡು, ಕೆರೆ, ಮಠ. ಅವರಿಗಿಂತ ಮುಂಚೆ ಅಲ್ಲಿ ಕೋಚ್ ಆಗಿದ್ದವರು ಜಾನಿ ಬ್ಲಡ್ ಎಂದೇ ಹೆಸರಾಗಿದ್ದ ಮೆಕ್‌ನಾಲಿ, ವೃತ್ತಿಪರ ಫುಟ್‌ಬಾಲಿನ ದಂತಕಥೆ. ಈ ಜಾಗದಲ್ಲಿ ಯಾರಿಂದಲೂ ಗೆಲ್ಲಲಾಗದು ಎಂದು ಆ ದೊಡ್ಡ ಮನುಷ್ಯ ಹೊಸಬನಿಗೆ ಹೇಳಿ ಹೊರಟರಂತೆ. ಹೊಸಬ ಆ ವರ್ಷವೇ ಲೀಗ್ ಗೆದ್ದ. ಆಮೇಲೆ 2012ರ ತನಕ ಅಲ್ಲಿಂದ ಕದಲಲಿಲ್ಲ.

ಅಲ್ಲಿ ಅವರು 'ಇಲ್ಲ'ಗಳ ಒಂದು ಪಟ್ಟಿಯನ್ನೇ ಬೆಳೆಸಿದರು. ಅಭ್ಯಾಸದಲ್ಲಿ ಟ್ಯಾಕಲ್ ಇಲ್ಲ. ವಿಷಲ್ ಇಲ್ಲ. ಕಡ್ಡಾಯದ ಭಾರ ಎತ್ತುವಿಕೆ ಇಲ್ಲ. ಒಂದೂವರೆ ಗಂಟೆ ಮೀರಿ ಅಭ್ಯಾಸವಿಲ್ಲ. ಮಳೆ ಸುರಿದರೆ, ಬಿಸಿಲು ಹೆಚ್ಚಾದರೆ, ಕೊನೆಗೆ ಸೊಳ್ಳೆ ಕಾಟ ಜಾಸ್ತಿಯಾದರೂ ಅಭ್ಯಾಸವಿಲ್ಲ! ಹೊಸಬರನ್ನು ಗೋಳು ಹೊಯ್ದುಕೊಳ್ಳುವಂತಿಲ್ಲ. ಆಡಲು ಬಂದ ಯಾರನ್ನೂ ತಂಡದಿಂದ ಕೈಬಿಡುವಂತಿಲ್ಲ. ಹಾಗಾಗಿ ಕೊನೆಕೊನೆಗೆ ತಂಡದಲ್ಲಿ ನೂರೈವತ್ತಕ್ಕೂ ಮೀರಿ ಹುಡುಗರಿರುತ್ತಿದ್ದರು. 'ಕೋಚ್' ಎಂದು ಕರೆಯುವಂತಿಲ್ಲ, 'ಜಾನ್' ಎನ್ನಬೇಕು. ಕೆಲವು ದಿನ ಹುಡುಗರು ಹುಲ್ಲಿನ ಮೇಲೆ ಅಂಗಾತ ಮಲಗಿ, ಇವತ್ತು ಎಷ್ಟು ಚೆನ್ನಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಅದೂ ಅಭ್ಯಾಸದ ಒಂದು ಭಾಗವೇ. ನಿನಗಾಗದ್ದನ್ನು ಇನ್ನೊಬ್ಬನಿಗೆ ಮಾಡಬೇಡ ಎನ್ನುವುದೊಂದೇ ಅವರ ನಿಯಮಾವಳಿ.

ಎಲ್ಲವನ್ನೂ ಹಾಗೇ ಎತ್ತಿಕೊಂಡು ಬಂದು ನಮ್ಮಲ್ಲಿ ನೆಡು ಎನ್ನುತ್ತಿಲ್ಲ. ನಿನ್ನ ಹುಡುಗರು 'ಸರ್' ಎನ್ನಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಭಾರ ಎತ್ತುವ ವಿಷಯದಲ್ಲಂತೂ ನಾನು ಗಲಾರ್ಡಿಯವರ ಮಾತು ಕೇಳಲಾರೆ.

ಇಷ್ಟೆಲ್ಲ 'ಇಲ್ಲ' ಎಂದಮೇಲೆ ಆ ಒಂದೂವರೆ ಗಂಟೆ ಅವರು ಏನು ಮಾಡಿಸುತ್ತಿದ್ದರು? ಆಟದ ಒಂದೊಂದು ನಡೆಯನ್ನೂ ಪ್ಯಾಡು ಕಟ್ಟದೆ, ಯಾರನ್ನೂ ಕೆಡವದೆ, ತಪ್ಪಿಲ್ಲದಂತೆ ಆಗುವವರೆಗೆ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಎದುರಾಳಿ ಎಲ್ಲಿ ನಿಂತರೆ ಏನು ಮಾಡುತ್ತಾನೆ ಎಂಬುದನ್ನು ಕಣ್ಣಿಗೆ ಕಲಿಸುತ್ತಿದ್ದರು. ಇದೇನು ಸಡಿಲ ಶಿಸ್ತಲ್ಲ. ಬೆವರು ಹರಿಸುವುದಕ್ಕಿಂತ ತಲೆ ಕೆಲಸ ಮಾಡುವಂತೆ ಮಾಡುವುದು ಕಷ್ಟ, ಅದಕ್ಕೆ ಮೇಷ್ಟ್ರೇ ಮೊದಲು ಯೋಚಿಸಿಕೊಂಡು ಬರಬೇಕಾಗುತ್ತದೆ. 'ಹತ್ತು ರೌಂಡ್ ಹೊಡೀರಿ' ಎಂದು ಹೇಳಿ ನೆರಳಿನಲ್ಲಿ ಕೂರುವುದಕ್ಕೆ ಯಾವ ಯೋಚನೆಯೂ ಬೇಕಿಲ್ಲ. ಶನಿವಾರ ಪಂದ್ಯಕ್ಕೆ ಅವರ ಹುಡುಗರು ಕೈಕಾಲು ಮುರಿದುಕೊಳ್ಳದೆ ಬರುತ್ತಿದ್ದರು. ಅವರ ಗುಟ್ಟಿನ ಅರ್ಧ ಇಷ್ಟೇ.

ಇದಕ್ಕೆ ತೀರ ವಿರುದ್ಧವಾದ ದಾರಿಯೂ ಇತ್ತು, ಅದೂ ಅದೇ ಕಾಲದಲ್ಲಿ. 1954ರಲ್ಲಿ ಬೇರ್ ಬ್ರಯಂಟ್ ಎಂಬ ಕೋಚ್ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು ಹತ್ತು ದಿನ ಸುಡುಬಿಸಿಲಲ್ಲಿ, ನೀರು ಕೊಡದೆ ದುಡಿಸಿದರು. ಹೋದವರಲ್ಲಿ ಸುಮಾರು ಮೂರನೇ ಒಂದು ಭಾಗದ ಹುಡುಗರು ಮಾತ್ರ ಕೊನೆತನಕ ಉಳಿದರು. ಆ ಋತುವಿನಲ್ಲಿ ಒಂದು ಗೆಲುವು, ಒಂಬತ್ತು ಸೋಲು. ಆದರೆ ಎರಡು ವರ್ಷದ ನಂತರ ಆ ತಂಡ ತನ್ನ ಲೀಗ್ ಗೆದ್ದಿತು. ಬ್ರಯಂಟ್ ಮುಂದೆ ಅಲಬಾಮಾದಲ್ಲಿ ಮಹಾ ಕೋಚ್ ಎನಿಸಿಕೊಂಡರು. ಈ ಮಾತನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಕಠಿಣ ಹಾದಿಯಲ್ಲೂ ಗೆದ್ದವರಿದ್ದಾರೆ. ಆದರೆ ಹಾಗೆ ಮಾಡದೆಯೂ ಅವರಿಗಿಂತ ಹೆಚ್ಚು ಗೆದ್ದವರು ಇರುವಾಗ, 'ಬೇರೆ ದಾರಿ ಇರಲಿಲ್ಲ' ಎನ್ನುವ ನೆಪ ಸುಳ್ಳಾಗುತ್ತದೆ. ಆಮೇಲೆ ಹುಡುಗನಿಗೆ ಏನಾದರೂ ಅದಕ್ಕೆ ಹೊಣೆ ನಿನ್ನದೇ. 2001ರ ಆಗಸ್ಟ್‌ನಲ್ಲಿ ಅದೇ ಮಿನೆಸೋಟ ರಾಜ್ಯದಲ್ಲಿ ಕೋರಿ ಸ್ಟ್ರಿಂಗರ್ ಎಂಬ ವೃತ್ತಿಪರ ಆಟಗಾರ ತರಬೇತಿಯ ವೇಳೆ ಶಾಖದ ಹೊಡೆತಕ್ಕೆ ಸಿಕ್ಕಿ ಸತ್ತ. ಇಪ್ಪತ್ತೇಳು ವಯಸ್ಸು. ಅಭ್ಯಾಸದಲ್ಲಿ ಹುಡುಗರನ್ನು ಕಾಪಾಡಬೇಕೆಂಬುದು ಬೇರೆಯವರಿಗೆ ತಡವಾಗಿ ಹೊಳೆಯಿತು: 2016ರಲ್ಲಿ ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಋತುವಿನ ಅಭ್ಯಾಸದಲ್ಲಿ ಟ್ಯಾಕಲ್ ನಿಲ್ಲಿಸಿತು. ಟ್ರಿನಿಡಾಡಿನ ಹುಡುಗ ಅದನ್ನು ನಿಲ್ಲಿಸಿ ಆಗಲೇ ಎಪ್ಪತ್ತು ವರ್ಷ ದಾಟಿತ್ತು.

ನಿನ್ನ ತಾಳ್ಮೆಗೂ ಒಂದು ಮಾತು. 1953ರಲ್ಲಿ ಲೀಗ್ ಗೆದ್ದ ಗಲಾರ್ಡಿಗೆ ಮತ್ತೆ ಅದು ಸಿಕ್ಕಿದ್ದು 1962ರಲ್ಲಿ. ನಡುವೆ ಪೂರಾ ಎಂಟು ಋತು ಬರಿಗೈ. ಆ ಎಂಟು ವರ್ಷ ಎಷ್ಟು ಜನ ಬಂದು, ಇನ್ನು ಸ್ವಲ್ಪ ಬಿಗಿ ಮಾಡಪ್ಪಾ ಎಂದು ಬುದ್ಧಿ ಹೇಳಿದ್ದಿರಬಹುದು, ಯೋಚಿಸು. ಸೋತಾಗ ಹೊಸ ಕೋಚಿನ ಕೈ ಮೊದಲು ಹೋಗುವುದು ಹಳೆಯ ಕೋಲಿನ ಕಡೆಗೇ. ಅವರ ಕೈ ಹೋಗಲಿಲ್ಲ. 1963ರಲ್ಲಿ ರಾಷ್ಟ್ರ ಚಾಂಪಿಯನ್ ಪಟ್ಟ ಬಂತು, 1965ರಲ್ಲಿ ಇನ್ನೊಂದು, 1976ರಲ್ಲಿ ಮತ್ತೊಂದು. 2003ರ ನವೆಂಬರಿನಲ್ಲಿ ಬೆಥೆಲ್ ತಂಡದ ಎದುರು 29-26ರಲ್ಲಿ ಗೆದ್ದಾಗ ಅದು ಅವರ 409ನೆಯ ಗೆಲುವು. ಅದು ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ರಾಬಿನ್ಸನ್ ಅವರ ಗೆಲುವಿನ ದಾಖಲೆಯನ್ನು ದಾಟಿತು. ಮುಂದಿನ ತಿಂಗಳು ಫೈನಲ್ಲಿನಲ್ಲಿ, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ನನ್ನು 24-6ರಲ್ಲಿ ಸೋಲಿಸಿ ನಾಲ್ಕನೆಯ ಪಟ್ಟ ತಂದರು. ಆಗ ಅವರಿಗೆ 77.

ಅವರ ಕಾಲೇಜು ಆಡುವ ವಿಭಾಗದಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಟಿವಿಯ ಹಣವಿಲ್ಲ. ಹುಡುಗರು ಓದಲು ಬಂದವರು, ಜೊತೆಗೆ ಆಡುವವರು. ಮುಂದೆ ಅವರು ವೈದ್ಯರೋ ವಕೀಲರೋ ಆಗುವವರು. ಗಲಾರ್ಡಿ ಅಂಥ ಜಾಗದಲ್ಲಿ ಅರವತ್ತು ಋತು ನಿಂತರು, ಕೆಲವು ವರ್ಷ ಐಸ್ ಹಾಕಿ ತಂಡವನ್ನೂ ನೋಡಿಕೊಂಡರು. 1993ರಿಂದ ಆ ವಿಭಾಗದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಅವರದೇ ಹೆಸರು. 2018ರ ಅಕ್ಟೋಬರಿನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಸಣ್ಣ ಕಾಲೇಜು ಎಂದು ನೀನು ಮೊನ್ನೆ ಫೋನಿನಲ್ಲಿ ಮೂಗು ಮುರಿದೆಯಲ್ಲ, ಅದಕ್ಕೆ ಇದನ್ನೂ ಹೇಳಿದೆ.

ಈಗ ನನ್ನದೊಂದು ಕೋರಿಕೆ. ಮೊದಲ ತಿಂಗಳು ಹೊಸ ನಿಯಮ ಯಾವುದನ್ನೂ ಮಾಡಬೇಡ. ನಿನಗಿಂತ ಮುಂಚಿನಿಂದ ಆ ಮೈದಾನದಲ್ಲಿ ನಡೆದುಬಂದ ರೂಢಿಗಳನ್ನು ಒಂದು ಹಾಳೆಯಲ್ಲಿ ಬರೆದುಕೋ. ಒಂದೊಂದರ ಮುಂದೂ, ಇದರಿಂದ ಹುಡುಗ ಏನು ಕಲಿಯುತ್ತಾನೆ ಎಂದು ಬರೆ. ಎಲ್ಲಿ ಉತ್ತರ ಹೊಳೆಯುವುದಿಲ್ಲವೋ ಆ ರೂಢಿಯನ್ನು ನಿಲ್ಲಿಸು, ಹುಡುಗರಿಗೂ ಕಾರಣ ಹೇಳಿಯೇ ನಿಲ್ಲಿಸು. ಅದಕ್ಕೆ ಪ್ರಿನ್ಸಿಪಾಲರು ಏನಂದರು, ನಿನ್ನ ಹಿಂದಿನ ಮೇಷ್ಟ್ರು ಏನಂದರು ಎಂದು ನನಗೆ ಕಾಗದ ಬರೆ.