ಹತ್ತು ಗುಂಟೆ ಸಾಕು, ಮಗಾ

ಹೊಗೆಸೊಪ್ಪು ಬಿಟ್ಟು ಸೀಮೆಹಸು ಕಟ್ತೀನಿ, ಒಂದೆಕರೆಗೆ ಕುದುರೆ ಮೆಂತೆ ಹಾಕ್ತೀನಿ ಅಂದೆಯಲ್ಲ, ಸಂತೋಷ. ಆದರೆ ಮೊದಲ ವರ್ಷ 10 ಗುಂಟೆ ಸಾಕು ಮಗಾ. 2 ಕೆ.ಜಿ. ಬೀಜ ಹಿಡಿಯುತ್ತೆ. ಮಳೆ ಹಿಂದಾದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಗೇಣಿಗೊಂದು ಸಾಲಿನಂತೆ ಮೇಲುಮೇಲೇ ಬಿತ್ತು. ಸಣ್ಣ ಬೀಜ, ಆಳಕ್ಕೆ ಬಿದ್ದರೆ ತಲೆ ಎತ್ತಲ್ಲ.

ನಾಲೆ ಕೆಳಗಿನ ಜೌಗು ಗದ್ದೆ ಮಾತ್ರ ಬೇಡ. ನೀರು ನಿಂತರೆ ಬೇರು ಕೊಳೆಯುತ್ತೆ. ನಮ್ಮ ಮಲ್ಲಿಪಟ್ಟಣದ ಕಡೆ ಮಳೆ ಜಾಸ್ತಿ, ಮಣ್ಣಿಗೆ ಹುಳಿ ಸೇರಿರುತ್ತೆ. ಪರೀಕ್ಷೆ ಮಾಡಿಸು, ರಸಸಾರ 6.5ಕ್ಕಿಂತ ಕೆಳಗಿದ್ದರೆ ಸುಣ್ಣ ಹಾಕದೆ ಬಿತ್ತಬೇಡ.

ನಿನ್ನ ದೊಡ್ಡಮ್ಮ ಮೆಂತ್ಯ ಸೊಪ್ಪು ಬೆಳೆಯೋ ಮಡಿಯಿಂದ ಎರಡು ಮಂಕರಿ ಮಣ್ಣು ತಂದು ಎರಚು. ನಗಬೇಡ. ಮೆಂತ್ಯ, ಕುದುರೆ ಮೆಂತೆ ಎರಡರ ಬೇರಲ್ಲೂ ಗಂಟು ಕಟ್ಟೋದು ಒಂದೇ ಬಳಗದ ಬ್ಯಾಕ್ಟೀರಿಯಾ. ಅವರೆ, ಅಲಸಂದೆಯದು ಇದಕ್ಕೆ ಒಗ್ಗಲ್ಲ. ಆ ಬ್ಯಾಕ್ಟೀರಿಯಾದ ರೈಜೋಬಿಯಂ ಪೊಟ್ಟಣ ಕೊಂಡರೂ ಲೂಸರ್ನ್‌ದೇ, ಅಂದರೆ ಕುದುರೆ ಮೆಂತೆಯದೇ, ಅಂತ ಕೇಳಿ ತಗೋ. ಎರಡು ತಿಂಗಳಿಗೆ ಒಂದು ಗಿಡ ಮೆತ್ತಗೆ ಅಗೆದು, ಬೇರಿನ ಗಂಟನ್ನ ಉಗುರಲ್ಲಿ ಸೀಳಿ ನೋಡು. ಒಳಗೆ ನಸುಗೆಂಪಾಗಿದ್ದರೆ ಗಾಳಿಯ ಸಾರಜನಕ ಇಳೀತಿದೆ ಅಂತ. ಮೊದಲ ಕೊಯ್ಲೂ ಆಗಲೇ. ಆಮೇಲೆ 25-30 ದಿನಕ್ಕೊಮ್ಮೆ ಕುಡುಗೋಲು ಹಾಕು, ನಾಲ್ಕು ಬೆರಳು ಬುಡ ಬಿಟ್ಟು.

ಇನ್ನು ನಾನು ಕೆಟ್ಟ ಕಥೆ. ಹಾಲು ಹೆಚ್ಚುತ್ತೆ ಅನ್ನೋ ದುರಾಸೆಗೆ ಒಂದು ದಿನ ಬೆಳಗ್ಗೆ ಇಬ್ಬನಿ ಆರದ ಸೊಪ್ಪನ್ನ ಹಸಿದ ಹಸುವಿನ ಮುಂದೆ ತಬ್ಬುಗಟ್ಟಲೆ ಸುರಿದೆ. ಗಂಟೆಯೊಳಗೆ ಅದರ ಎಡಮಗ್ಗುಲು ತಮಟೆ ಹಾಗೆ ಬಿಗಿದು, ಹಸು ನಾಲಿಗೆ ಚಾಚಿ ಏದುಸಿರು ಬಿಡ್ತಿತ್ತು. ಡಾಕ್ಟರು ಬಂದು ಉಳಿಸಿದರು. ಅವತ್ತಿಂದ ಮೊದಲು ಒಣಹುಲ್ಲು, ಆಮೇಲೆ ಬಾಡಿಸಿದ ಸೊಪ್ಪು. ಅದೂ ಮೂರು ಪಾಲು ನೇಪಿಯರ್ ಹುಲ್ಲಿಗೆ ಒಂದು ಪಾಲು. ಇದು ಹಸುವಿಗೆ ಪಲ್ಯ, ಮುದ್ದೆ ಅಲ್ಲ. ಅದಕ್ಕೇ 10 ಗುಂಟೆ ಅಂದದ್ದು.

ಗಿಡದ ಮೇಲೆ ಎಲೆಯಿಲ್ಲದ ಹಳದಿ ಶಾವಿಗೆ ಥರದ ಬಳ್ಳಿ ಕಂಡರೆ ಅಷ್ಟಗಲ ಕಿತ್ತು ಸುಡು, ಅಯ್ಯೋ ಅನ್ನಬೇಡ. ಬೀಜದ ಜೊತೆಗೇ ಬರುತ್ತೆ ಆ ಮಾರಿ.

ಮೂರು ವರ್ಷ ಕೊಯ್ದು, ಉತ್ತು, ರಾಗಿ ಹಾಕು. ಬೇರು ಮಣ್ಣಲ್ಲೇ ಕೊಳೆತು ಗೊಬ್ಬರವಾಗುತ್ತೆ. ಆದರೆ ಸೊಪ್ಪೆಲ್ಲ ಕೊಟ್ಟಿಗೆಗೆ ಹೋಗ್ತಿರುವಾಗ ಬರೀ ಬೇರಿನಿಂದಲೇ ಭೂಮಿ ತುಂಬಲ್ಲ. ತಿಪ್ಪೆ ಗೊಬ್ಬರ ಮಾರಬೇಡ, ಆ ಹತ್ತು ಗುಂಟೆಗೇ ಹೊಡಿ.