ಕರೆನ್ಸಿ ಬೇರೆ, ವ್ಯಾಲಿಡಿಟಿ ಬೇರೆ: ಅಪರೂಪಕ್ಕೆ ಫೋನ್ ಬಳಸುವವರಿಗೆ ಯಾವ ಪ್ಲಾನ್?

ಅಂಕೋಲೆಯ ಕೇಣಿಯಲ್ಲಿ ನಮಗೆ ಪರಿಚಯದ ಅಜ್ಜಿಯೊಬ್ಬರಿದ್ದಾರೆ. ಅವರ ಕೀಪ್ಯಾಡ್ ಫೋನು ಅಡುಗೆಮನೆಯ ಗೂಡಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿರುತ್ತದೆ. ಗೋವಾದಲ್ಲಿರುವ ಮಗ ಮಾಡಿದಾಗ ಎತ್ತುವುದು, ಬ್ಯಾಂಕಿನ ಓಟಿಪಿ ಬಂದರೆ ಮೊಮ್ಮಗಳಿಗೆ ತೋರಿಸುವುದು, ಅಷ್ಟೇ ಬಳಕೆ. ಹೋದ ಮಳೆಗಾಲದಲ್ಲಿ ಎರಡು ವಾರ ಮಗನ ಫೋನ್ ಬರಲೇ ಇಲ್ಲ. "ನೂರು ರೂಪಾಯಿ ಕರೆನ್ಸಿ ಹಾಕ್ಸಿದ್ದೆ ತಂಗೀ. ಆದ್ರೂ ಫೋನ್ ಹೋಗುದೂ ಇಲ್ಲ, ಬರುದೂ ಇಲ್ಲ" ಎಂದರು. ಬ್ಯಾಲೆನ್ಸ್ ನೋಡಿದೆ. 81 ರೂಪಾಯಿ 75 ಪೈಸೆ. ತೆರಿಗೆ, ಶುಲ್ಕ ಕಳೆದು ಕೈಗೆ ಬಂದದ್ದು ಅಷ್ಟು. ಅದರಲ್ಲಿ ಒಂದು ಪೈಸೆಯೂ ಖರ್ಚಾಗಿರಲಿಲ್ಲ.

ಮುಗಿದಿದ್ದದ್ದು ವ್ಯಾಲಿಡಿಟಿ. ಕರೆನ್ಸಿ ಇದ್ದರೆ ಸಾಕು ಎಂದುಕೊಳ್ಳುವ ಈ ತಪ್ಪನ್ನು ನಾನು ಕಾರವಾರದಲ್ಲೂ ಅಂಕೋಲೆಯಲ್ಲೂ ಮತ್ತೆ ಮತ್ತೆ ನೋಡುತ್ತಿದ್ದೇನೆ. ಹಿಂದೆ ಲೈಫ್‌ಟೈಮ್ ಸಿಮ್ ಇತ್ತು, ಕರೆನ್ಸಿ ಇಲ್ಲದಿದ್ದರೂ ಒಳಬರುವ ಕರೆ ನಿಲ್ಲುತ್ತಿರಲಿಲ್ಲ. 2018ರ ಕೊನೆಗೆ ಖಾಸಗಿ ಕಂಪನಿಗಳು ಕನಿಷ್ಠ ರೀಚಾರ್ಜ್ ಕಡ್ಡಾಯ ಮಾಡಿದವು. ಅಲ್ಲಿಗೆ ಆ ಕಾಲ ಮುಗಿಯಿತು, ನಮ್ಮ ರೂಢಿ ಮಾತ್ರ ಹಾಗೇ ಉಳಿಯಿತು.

ಸಿಮ್ ಆರಿಸುವಾಗ ಮೊದಲು ಸಿಗ್ನಲ್ ನೋಡಿ, ಆಮೇಲೆ ದರ. ಕಾರವಾರ ಪೇಟೆಯಲ್ಲೋ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲೋ ಚೆನ್ನಾಗಿ ಹಿಡಿಯುವ ಸಿಮ್ಮು ಕದ್ರಾ, ಹಿಲ್ಲೂರು, ಅಚವೆಯ ಕಡೆ ಗುಡ್ಡದ ಮಗ್ಗುಲಿನ ಮನೆಯಲ್ಲಿ ಸತ್ತು ಬಿದ್ದಿರಬಹುದು. ನೆಂಟರ ಸಿಮ್ ಒಂದು ದಿನ ಕೇಳಿ ತಂದು, ಫೋನ್ ಇಡುವ ಜಾಗದಲ್ಲೇ ಇಟ್ಟು ಪರೀಕ್ಷಿಸಿ. ಕರೆಂಟ್ ಹೋದ ಮೇಲೂ ಸಿಗ್ನಲ್ ಇದೆಯೇ ಎಂದು ನೋಡಿದರೆ ಇನ್ನೂ ಒಳ್ಳೆಯದು. ಹಳೆಯ 2ಜಿ ಕೀಪ್ಯಾಡ್ ಫೋನಿನಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ, ಅದಕ್ಕೆ 4ಜಿ ಫೋನೇ ಬೇಕು.

ಇನ್ನು ಮುಖ್ಯ ಮಾತು. ಕರೆನ್ಸಿ ಎಂದರೆ ಟಾಕ್‌ಟೈಮ್, ಜೇಬಿನಲ್ಲಿರುವ ದುಡ್ಡು. ವ್ಯಾಲಿಡಿಟಿ ಎಂದರೆ ಬಸ್ ಪಾಸಿನ ಅವಧಿ. ಪಾಸ್ ಮುಗಿದ ಮೇಲೆ ಜೇಬಿನಲ್ಲಿ ದುಡ್ಡಿದೆ ಎಂದರೆ ಈ ಬಸ್ಸು ಹತ್ತಿಸಿಕೊಳ್ಳುವುದಿಲ್ಲ. ವ್ಯಾಲಿಡಿಟಿ ಮುಗಿದ ಕೂಡಲೇ ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಬಿಟ್ಟು ಒಳಬರುವ ಕರೆಯೂ ನಿಲ್ಲುತ್ತದೆ. ಹತ್ತು ರೂಪಾಯಿಯ ಟಾಪ್‌ಅಪ್ ಹಾಕಿಸಿದರೆ 7 ರೂಪಾಯಿ 47 ಪೈಸೆ ಸಿಗುತ್ತದೆ, ವ್ಯಾಲಿಡಿಟಿ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಇಪ್ಪತ್ತು ರೂಪಾಯಿ ಆಸುಪಾಸಿನ ಡೇಟಾ ಪ್ಯಾಕಿನ ಕತೆಯೂ ಇದೇ. ಆದ್ದರಿಂದ ಅಂಗಡಿಯಲ್ಲಿ "ನೂರು ರೂಪಾಯಿ ಹಾಕಿ" ಎನ್ನಬೇಡಿ. "ಸಿಮ್ ಯಾವ ತಾರೀಖಿನವರೆಗೆ ನಡೆಯುತ್ತದೆ?" ಎಂದು ಕೇಳಿ. ತಾರೀಖು ಹೇಳಿದ ಮೇಲೆಯೇ ದುಡ್ಡು ಕೊಡಿ. ತಾರೀಖು ಯಾಕೆ ಮುಖ್ಯವೆಂದರೆ, ಅಂಕೋಲೆ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದ ಸುದ್ದಿ ಬಂದಾಗ ನಾವು ಮನೆಯಲ್ಲಿ ಮೊದಲು ಕೈಗೆತ್ತಿಕೊಂಡದ್ದು ಫೋನನ್ನೇ. ಅಂಥ ದಿನ ನಿಮ್ಮ ನಂಬರು ಸತ್ತಿರಬಾರದು.

ಪ್ಲಾನ್ ಆರಿಸುವಾಗ ಇಡೀ ವರ್ಷದ ಲೆಕ್ಕ ಹಾಕಿ. 28 ದಿನದ ಪ್ಲಾನ್ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಬೇಕು. 199 ರೂಪಾಯಿಯದ್ದಾದರೆ 2,587 ರೂಪಾಯಿ ಆಯಿತು. ಇಂಟರ್ನೆಟ್ ಬೇಡದವರಿಗೂ ಡೇಟಾ ಸೇರಿಸಿ ಮಾರುವುದು ಸರಿಯಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಡಿಸೆಂಬರಿನಲ್ಲಿ ನಿಯಮ ತಂದಿತು. ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು. 2025ರ ಜನವರಿಯಲ್ಲಿ ಏರ್‌ಟೆಲ್ ಇಂಥ ಪ್ಯಾಕ್‌ಗಳನ್ನು 84 ದಿನಕ್ಕೆ 469, 365 ದಿನಕ್ಕೆ 1,849 ರೂಪಾಯಿಗೆ ತಂದಿತು. ಜಿಯೋ 84 ದಿನಕ್ಕೆ 448, 336 ದಿನಕ್ಕೆ 1,748 ರೂಪಾಯಿಗೆ. ದರ ಬದಲಾಗುತ್ತಿರುತ್ತದೆ, ಹಾಕಿಸುವ ದಿನ ಕೇಳಿಕೊಳ್ಳಿ. ಬಿಎಸ್‌ಎನ್‌ಎಲ್‌ನಲ್ಲಿ ಇದಕ್ಕಿಂತ ಅಗ್ಗದ ದೀರ್ಘಾವಧಿ ಪ್ಲಾನ್‌ಗಳಿವೆ. ನಿಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಾದರೆ ಮೊದಲು ಅದನ್ನೇ ಕೇಳಿ ಎಂಬುದು ನನ್ನ ಸಲಹೆ. ಒಟ್ಟಿಗೆ ಸಾವಿರಾರು ರೂಪಾಯಿ ಕೊಡುವುದು ಕಷ್ಟವಾದರೆ 84 ದಿನದ್ದು ಸಾಕು. ಅಂಗಡಿಯವರು ಇಂಥ ಪ್ಯಾಕನ್ನು ತಾವಾಗಿ ಹೇಳುವುದು ಕಡಿಮೆ. "ಡೇಟಾ ಇಲ್ಲದ, ಬರೀ ಕರೆಯ ಪ್ಯಾಕ್" ಎಂದು ನೀವೇ ಬಾಯಿ ಬಿಟ್ಟು ಕೇಳಬೇಕು.

ಓಟಿಪಿಗೆಂದೇ ಎರಡನೇ ಸಿಮ್ ಇಟ್ಟುಕೊಂಡವರು ಗಮನಿಸಿ. 90 ದಿನ ಬಳಸದ ಸಿಮ್ಮನ್ನು ಕಂಪನಿ ರದ್ದು ಮಾಡಬಹುದು. ಬರುವ ಮೆಸೇಜು ಬಳಕೆಯ ಲೆಕ್ಕಕ್ಕೆ ಸೇರುವುದಿಲ್ಲ. ತಿಂಗಳಿಗೊಮ್ಮೆ ಅದರಿಂದ ಒಂದು ಕರೆ ಮಾಡಿ. ಖಾತೆಯಲ್ಲಿ 20 ರೂಪಾಯಿ ಕರೆನ್ಸಿ ಇದ್ದರೆ ಅದನ್ನು ಕಡಿತ ಮಾಡಿಕೊಂಡು ನಂಬರನ್ನು ಇನ್ನೂ 30 ದಿನ ಉಳಿಸುವ ಟ್ರಾಯ್ ನಿಯಮ 2013ರಿಂದಲೇ ಇದೆ. ಆದರೆ ಉಳಿಯುವುದು ನಂಬರು ಮಾತ್ರ, ಕರೆಯ ಸೌಲಭ್ಯವಲ್ಲ. ರದ್ದಾದ ನಂಬರನ್ನು ಮುಂದೆ ಬೇರೆಯವರಿಗೆ ಕೊಡುತ್ತಾರೆ, ಬ್ಯಾಂಕಿಗೆ ಜೋಡಿಸಿದ್ದರೆ ಅಪಾಯ.

ಕಂಪನಿ ಬದಲಿಸಲು: ನಂಬರ್ ಜೀವಂತ ಇರುವಾಗಲೇ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬಂದ ಕೋಡ್ ನಾಲ್ಕು ದಿನ ನಡೆಯುತ್ತದೆ. ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಯಾವ ಕಂಪನಿಯದ್ದಾದರೂ ಸರಿ, ಪ್ಲಾನ್ ಹಾಕಿಸಿದ ಮೇಲೆ ವ್ಯಾಲಿಡಿಟಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ.