ಅಮ್ಮನ ಮಡಿಲು ಸಾಕೇ? - ಕಾರಿನಲ್ಲಿ ಮಕ್ಕಳ ಸೀಟು ಮತ್ತು ಕಾನೂನು

ಸ್ವಸಹಾಯ ಸಂಘಗಳ ಸಭೆಯಲ್ಲಿ ಮಕ್ಕಳ ಸೀಟಿನ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ, "ಸಿಸ್ಟರ್, ನಮಗೆ ಕಾರೆಲ್ಲಿ ಉಂಟು?" ಸರಿಯೇ. ಆದರೆ ಮದುವೆಗೆ, ಆಸ್ಪತ್ರೆಗೆ ಎಲ್ಲರೂ ಬಾಡಿಗೆ ಕಾರು ಮಾಡುತ್ತೇವೆ. ಸದಸ್ಯೆಯರ ಗಂಡಂದಿರು, ಗಂಡುಮಕ್ಕಳು ಎಷ್ಟೋ ಮಂದಿ ಟ್ಯಾಕ್ಸಿ ಓಡಿಸುತ್ತಾರೆ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇರಲೇಬೇಕು. ಇಲ್ಲದಿದ್ದರೆ ಕಾಯಿದೆಯಲ್ಲಿ ಹೇಳಿರುವ ದಂಡ 1,000 ರೂಪಾಯಿ. ಅದು ಓಡಿಸಿದವರಿಗೆ, ಇಲ್ಲವೇ ಹಾಗೆ ಓಡಿಸಲು ಬಿಟ್ಟವರಿಗೆ. "ಮಗುವಿನ ತಾಯಿಯೇ ಬೇಡ ಅಂದ್ರು" ಎಂದು ಡ್ರೈವರ್ ಹೇಳಿದರೆ ನಡೆಯುವುದಿಲ್ಲ.

ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಲದೇ? ಸಾಲದು. ಗಂಟೆಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಬಡಿದರೆ, ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಮಾಳಿಗೆಯ ಮೇಲಿಂದ ಬಿದ್ದಷ್ಟೇ ಪೆಟ್ಟು. ಆ ಕ್ಷಣ 10 ಕಿಲೋ ಮಗುವನ್ನು ಹಿಡಿದಿಡಲು 200 ಕಿಲೋ ತೂಕ ಎತ್ತುವಷ್ಟು ಬಲ ಬೇಕು. ಯಾವ ತಾಯಿಗೂ ಅದು ಆಗುವ ಕೆಲಸವಲ್ಲ. ಬೆಲ್ಟ್ ಹಾಕದ ತಾಯಿಯಾದರೆ ಅವಳ ಭಾರವೂ ಮಗುವಿನ ಮೇಲೆಯೇ. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿದರೆ ಇನ್ನೂ ಅಪಾಯ. ಏರ್‌ಬ್ಯಾಗ್ ಬಿಚ್ಚುವ ರಭಸಕ್ಕೇ ಮಗುವಿನ ಜೀವ ಹೋಗಬಹುದು.

ಇನ್ನು ಐದಾರು ವರ್ಷದವರು. ನಮ್ಮ ಕಾಯಿದೆ 'ಬೆಲ್ಟ್ ಅಥವಾ ಸೀಟು' ಎಂದು ಹೇಳಿ ಸುಮ್ಮನಾಗಿದೆ, ಎತ್ತರದ ಮಾತೇ ಇಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಕಾರಿನ ಬೆಲ್ಟ್ ದೊಡ್ಡವರ ಮೈಗೆ ಮಾಡಿದ್ದು. ಅದರ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ, ಮೇಲ್ಪಟ್ಟಿ ಭುಜದ ನಡುವೆ ಕೂರಬೇಕು. ಸಣ್ಣ ಮಗುವಿಗೆ ಅದು ಹೊಟ್ಟೆಗೂ ಕುತ್ತಿಗೆಗೂ ಬರುತ್ತದೆ. ಅಪಘಾತವಾದರೆ ಕರುಳು, ಪಿತ್ತಕೋಶ, ಬೆನ್ನುಮೂಳೆಗೆ ಅದೇ ಬೆಲ್ಟ್ ಪೆಟ್ಟು ಕೊಡಬಹುದು. ಕುತ್ತಿಗೆಗೆ ಚುಚ್ಚುತ್ತದೆ ಎಂದು ಮಕ್ಕಳು ಮೇಲ್ಪಟ್ಟಿಯನ್ನು ಬೆನ್ನ ಹಿಂದೆ ಹಾಕಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ.

ಬೂಸ್ಟರ್ ಸೀಟು ಮಗುವನ್ನು ಎತ್ತರಕ್ಕೆ ಕೂರಿಸಿ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುತ್ತದೆ, ಅಷ್ಟೇ ಅದರ ಕೆಲಸ. ಬ್ರಿಟನ್ನಿನಲ್ಲಿ 2006ರ ಸೆಪ್ಟೆಂಬರ್‌ನಿಂದ, 12 ವರ್ಷ ಆಗುವ ತನಕ ಅಥವಾ 135 ಸೆಂ.ಮೀ. ಎತ್ತರ ಬರುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಯಂಥ ಕೆಲವು ಕಡೆ ವಿನಾಯಿತಿ ಉಂಟು. ನಮ್ಮಲ್ಲಿ ಕಾನೂನು ಕೇಳದಿದ್ದರೂ ಗೋಡೆಗೆ ಪೆನ್ಸಿಲಿನಲ್ಲಿ 135 ಗುರುತು ಹಾಕಿ ಮಗುವನ್ನು ನಿಲ್ಲಿಸಿ ನೋಡಿ. ಗುರುತು ಮುಟ್ಟಿದ ಮೇಲೂ ಬೆನ್ನು ಒರಗಿ ಕೂತಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಬೆಲ್ಟ್ ಹೊಟ್ಟೆಗೆ ಬರಬಾರದು.

ಬೂಸ್ಟರ್ ಬದಲು ತಲೆದಿಂಬು ಇಡುವವರಿದ್ದಾರೆ. ದಿಂಬು ಅದುಮಿಕೊಂಡು ಜಾರುತ್ತದೆ, ಬೇಡ. ತೀರಾ ಎಳೆಯ ಕೂಸಿಗೆ ಬೂಸ್ಟರ್ ಆಗದು. ಅದಕ್ಕೆ ಹಿಮ್ಮುಖವಾಗಿ ಕಟ್ಟುವ ಬೇರೆ ಸೀಟು ಉಂಟು, ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಅದನ್ನು ಕಟ್ಟಬಾರದು.

ಸ್ಕೂಟರ್, ಬೈಕ್ ಇರುವ ಮನೆಗಳೇ ನಮ್ಮಲ್ಲಿ ಹೆಚ್ಚು. ಅದಕ್ಕೂ ನಿಯಮ ಬಂದಿದೆ. 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಗೆ ಬಂದ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬೇಕು. 9 ತಿಂಗಳು ದಾಟಿದ್ದರೆ ತಲೆಗೆ ಸರಿಹೊಂದುವ ಹೆಲ್ಮೆಟ್ ಕೂಡ ಬೇಕು. ವೇಗ 40 ಕಿ.ಮೀ. ಮೀರಬಾರದು.